ತೂಗದೆ ಮಾಡಿದ ಕೇಕು

ಲೋಟ ಎಂದರೆ ಯಾವ ಲೋಟ ಎಂದು ಚೀಟಿಯಲ್ಲಿ ಬರೆದಿರಲಿಲ್ಲ. ಒಂದೂವರೆ ಲೋಟ ಮೈದಾ, ಒಂದು ಲೋಟ ಸಕ್ಕರೆ, ಕಾಲು ಲೋಟ ಕೋಕೋ ಪುಡಿ ಎಂದು ಹೆಂಡತಿಯ ದುಂಡನೆಯ ಅಕ್ಷರಗಳು ಫ್ರಿಜ್ಜಿನ ಬಾಗಿಲಿನಿಂದ ಅವನನ್ನು ನೋಡುತ್ತಿದ್ದವು. ಮೇಲ್ಗಡೆ ‘ಸುಲಭದ ಚಾಕೊಲೇಟ್ ಕೇಕು’ ಎಂಬ ತಲೆಬರಹ. ಸುಲಭದ ಎಂಬ ಪದಕ್ಕೆ ಮಾತ್ರ ಎರಡು ಅಡಿಗೆರೆ. ಅವನು ಕಪಾಟಿನಲ್ಲಿದ್ದ ಲೋಟಗಳನ್ನೆಲ್ಲ ಇಳಿಸಿ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ, ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ನೋಡಿದ. ಒಂಬತ್ತು ಲೋಟ, ಒಂಬತ್ತೂ ಬೇರೆ ಬೇರೆ ಅಳತೆ. ಒಂದರ ಬಾಯಿ ಅಗಲ, ಇನ್ನೊಂದರ ತಳ ದಪ್ಪ, ಮತ್ತೊಂದು ಯಾವುದೋ ಜಾಮಿನ ಬಾಟಲಿಯಾಗಿದ್ದದ್ದು ಈ ಮನೆಗೆ ಬಂದು ಲೋಟವಾಗಿ ಬಡ್ತಿ ಪಡೆದದ್ದು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಇನ್ಸ್‌ಪೆಕ್ಟರಾಗಿ ಅಂಗಡಿ ಅಂಗಡಿ ಅಲೆದು, ತಕ್ಕಡಿ, ತೂಕದ ಬಟ್ಟು, ಲೀಟರಿನ ಡಬ್ಬಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತಿದವನ ಅಡುಗೆಮನೆಯಲ್ಲೇ ಇಷ್ಟೊಂದು ಅಕ್ರಮ ನಡೆದಿತ್ತು. ಕಚೇರಿಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವನನ್ನು ಗುಲಗಂಜಿ ಎನ್ನುತ್ತಿದ್ದರು. ಅಕ್ಕಸಾಲಿಗರು ಹಿಂದೆ ಚಿನ್ನ ತೂಗುತ್ತಿದ್ದ ಆ ಪುಟ್ಟ ಕಾಳಿನಷ್ಟು ವ್ಯತ್ಯಾಸ ಕಂಡರೂ ಅವನು ಬಿಡುವವನಲ್ಲ ಎಂದು ಯಾರೋ ಇಟ್ಟ ಹೆಸರು. ಅವರು ಅದನ್ನು ಬೈಗುಳವೆಂದು ಇಟ್ಟಿದ್ದರು. ಅವನು ಬಿರುದೆಂದು ತಿಳಿದು ಒಳಗೊಳಗೇ ಹಿಗ್ಗಿದ್ದ.

ನಾಲ್ಕು ಗಂಟೆಗೆ ಹೆಂಡತಿಯ ತಮ್ಮ ಬರುವವನಿದ್ದ, ತನ್ನ ಹೆಂಡತಿಯನ್ನು ಕರೆದುಕೊಂಡು. ಹನ್ನೊಂದು ವರ್ಷದಿಂದ ಈ ಮನೆಯ ಹೊಸ್ತಿಲು ತುಳಿಯದ ಭಾವಮೈದುನ. ಮದುವೆಮನೆಯಲ್ಲೋ ಆಸ್ಪತ್ರೆಯಲ್ಲೋ ಎದುರಾದರೆ ಸಾಹೇಬರು ಆರಾಮವೋ ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಬೇರೆ ಯಾರನ್ನೋ ಮಾತಾಡಿಸುತ್ತಿದ್ದ. ಇವತ್ತಿಗೆ ಹೆಂಡತಿಗೆ ಐವತ್ತು ತುಂಬಿತು. ಉಡುಗೊರೆ ಏನು ಬೇಕೆಂದು ಹದಿನೈದು ದಿನದ ಹಿಂದೆ ಕೇಳಿದಾಗ ಅವಳು, ನಿಮ್ಮಿಬ್ಬರನ್ನೂ ಒಂದೇ ಮೇಜಿನ ಮುಂದೆ ಕೂಡಿಸಿ ನೋಡಬೇಕು, ಬೇರೇನೂ ಬೇಡ ಎಂದಿದ್ದಳು. ಚಿನ್ನದ ಸರ ಕೇಳಿದ್ದರೆ ಅವನು ಇಷ್ಟು ಹೆದರುತ್ತಿರಲಿಲ್ಲ. ತಮ್ಮನಿಗೆ ಅವಳು ಫೋನು ಮಾಡಿದಾಗ ಅವನು ನಕ್ಕು, ಒಂದು ಷರತ್ತು ಹಾಕಿದನಂತೆ. “ಸಾಹೇಬ್ರು ತಮ್ಮ ಕೈಯಾರೆ ಏನಾದ್ರೂ ಮಾಡಿ ಬಡಿಸ್ಲಿ. ಆದ್ರೆ ತೂಗಬಾರದು. ತೂಗದೆ ಮಾಡಿದ್ದು ಕೊಡ್ತಾರೆ ಅಂದ್ರೆ ಬರ್ತೀನಿ.” ತಮಾಷೆಯೇ ಇರಬಹುದು. ಆದರೆ ಹೆಂಡತಿ ಅದನ್ನು ತಮಾಷೆ ಎಂದು ತೆಗೆದುಕೊಳ್ಳಲಿಲ್ಲ. ಅವಳು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು; ಭಾನುವಾರ ಮೂರು ಗಂಟೆಯವರೆಗೂ ತರಗತಿ. ಬೆಳಿಗ್ಗೆ ಹೊರಡುವಾಗ ಟವೆಲು, ಸೀಟಿ, ರಬ್ಬರಿನ ಟೋಪಿಗಳ ಜೊತೆಗೆ ಅಡುಗೆಮನೆಯ ಪುಟ್ಟ ತಕ್ಕಡಿಯನ್ನೂ ಚೀಲಕ್ಕೆ ಹಾಕಿಕೊಂಡು, ಅವನ ಮುಖವನ್ನು ಒಮ್ಮೆ ನೋಡಿ, ಚೀಲದ ಜಿಪ್ಪು ಎಳೆದಿದ್ದಳು.

ಹತ್ತು ನಿಮಿಷ ಲೋಟಗಳನ್ನು ದಿಟ್ಟಿಸಿದ ಮೇಲೆ ಅವನು ಅವಳಿಗೇ ಫೋನು ಮಾಡಿದ. ಆ ಕಡೆ ನೀರಿನ ಸಪ್ಪಳ, ಮಕ್ಕಳ ಕಿರುಚಾಟ, ಎಲ್ಲವೂ ಎತ್ತರದ ಚಾವಣಿಗೆ ಬಡಿದು ಎರಡೆರಡು ಸಲ ಕೇಳುತ್ತಿತ್ತು. ಲೋಟ ಎಂದರೆ ಎಷ್ಟು ಮಿಲಿಲೀಟರು ಎಂದು ಕೇಳಿದ. ಅವಳು ನಗಲಿಲ್ಲ, ಯಾರಿಗೋ ಕಾಲು ಬಡಿ, ಕಾಲು ಬಡಿ ಎಂದು ಕೂಗಿ ಹೇಳಿ, ಮತ್ತೆ ಫೋನಿಗೆ ಬಂದಳು. “ಯಾವ ಲೋಟ ಆದ್ರೂ ತಗೊಳ್ಳಿ. ಎಲ್ಲಾನೂ ಅದೇ ಲೋಟದಲ್ಲಿ ಅಳೀರಿ. ಲೋಟ ದೊಡ್ಡದಾದ್ರೆ ಕೇಕು ದೊಡ್ಡದಾಗತ್ತೆ, ಅಷ್ಟೆ.” ಫೋನು ಇಟ್ಟ ಮೇಲೂ ಅವನು ಅಲ್ಲೇ ನಿಂತಿದ್ದ. ಈ ಮಾತನ್ನು ಇಲಾಖೆಯಲ್ಲಿ ಯಾರಾದರೂ ಆಡಿದ್ದರೆ ವಿಚಾರಣೆಗೆ ಗುರಿಯಾಗುತ್ತಿದ್ದರು. ಆದರೆ ಎಷ್ಟು ಯೋಚಿಸಿದರೂ ಅದರಲ್ಲಿ ತಪ್ಪು ಸಿಗಲಿಲ್ಲ. ಅವನಿಗೆ ನಲವತ್ತಾದಾಗ ಅವಳು ಈಜು ಕಲಿಸಲು ನೋಡಿದ್ದಳು. ಕೊಳದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇಲ್ಲಿ ಎಷ್ಟು ಆಳ, ಅಲ್ಲಿ ಎಷ್ಟು ಆಳ ಎಂದು ಕೇಳುತ್ತಲೇ ಆ ಬೇಸಿಗೆ ಕಳೆದುಹೋಯಿತು. ಆರು ವರ್ಷದ ಹುಡುಗಿಯೊಬ್ಬಳು ಪಕ್ಕದಲ್ಲಿ ಮೀನಿನ ಹಾಗೆ ಹಾದು, ಅಂಕಲ್ ಕೈ ಬಿಡಿ, ಏನೂ ಆಗಲ್ಲ ಎಂದು ಹೇಳಿ ಹೋಗಿದ್ದಳು. ಅವತ್ತಿನಿಂದ ಅವನು ಆ ಕೊಳದ ಕಡೆ ತಲೆ ಹಾಕಿರಲಿಲ್ಲ. ಈಗ ಅವನು ಉಳಿದ ಎಂಟು ಲೋಟಗಳನ್ನು ಕಪಾಟಿಗೆ ಸೇರಿಸಿ, ಜಾಮಿನ ಬಾಟಲಿಯನ್ನೇ ಕೈಗೆತ್ತಿಕೊಂಡ. ಯಾಕೋ ಅದರ ಮೇಲೆ ಅವನಿಗೆ ಕನಿಕರವಿತ್ತು.

ತೊಂದರೆ ಶುರುವಾದದ್ದು ಮೈದಾದಲ್ಲಿ. ಅರ್ಧ ಲೋಟ ಮೈದಾ ತುಂಬಿ, ಮೇಲ್ಮೈ ಸಮವಾಗಲಿ ಎಂದು ಲೋಟವನ್ನು ಕಟ್ಟೆಗೆ ಮೆಲ್ಲನೆ ಕುಟ್ಟಿದ. ಹಿಟ್ಟು ಕಾಲು ಬೆರಳು ಕೆಳಗಿಳಿಯಿತು. ಮತ್ತಷ್ಟು ಹಾಕಿ ಮತ್ತೆ ಕುಟ್ಟಿದ, ಮತ್ತೆ ಇಳಿಯಿತು. ಕುಟ್ಟಿದರೆ ಒಂದು ಲೆಕ್ಕ, ಕುಟ್ಟದಿದ್ದರೆ ಇನ್ನೊಂದು. ಚೀಟಿಯಲ್ಲಿ ಕುಟ್ಟಬೇಕೋ ಬೇಡವೋ ಎಂಬುದಿಲ್ಲ. ಅಳೆದೂ ಸುರಿದೂ ಇಪ್ಪತ್ತು ನಿಮಿಷ ಕಳೆಯಿತು. ಎಲ್ಲ ತೂಗಿಬಿಟ್ಟರೆ ಮುಗಿಯಿತು. ಆದರೆ ತೂಗುವ ಹಾಗಿಲ್ಲ, ಮಾತು ಕೊಟ್ಟಾಗಿದೆ. ಸರಿ, ಆದರೆ ತೂಗುವುದು ಬೇರೆ, ಹೋಲಿಸುವುದು ಬೇರೆಯಲ್ಲವೇ? ಬಟ್ಟು ಇಲ್ಲದ ಮೇಲೆ ತೂಕ ಎಲ್ಲಿಂದ ಬಂತು? ಮೂರು ಅರ್ಧ ಲೋಟಗಳು ಒಂದಕ್ಕೊಂದು ಸಮವಾಗಿವೆಯೋ ಇಲ್ಲವೋ ಎಂದಷ್ಟೇ ನೋಡಿದರೆ ಅದು ತೂಗಿದ ಹಾಗೆ ಆಗುವುದಿಲ್ಲ ಎಂದು ಅವನು ತನಗೇ ಆದೇಶ ಹೊರಡಿಸಿಕೊಂಡ. ಮಲಗುವ ಕೋಣೆಯಿಂದ ಬಟ್ಟೆ ನೇತುಹಾಕುವ ಹ್ಯಾಂಗರ್ ಒಂದನ್ನು ತಂದು ಅಡುಗೆಮನೆಯ ಬಾಗಿಲಿನ ಕೊಕ್ಕೆಗೆ ಸಿಕ್ಕಿಸಿದ. ಎರಡು ತುದಿಗೂ ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಚೀಲ ಕಟ್ಟಿದ. ಎಡಕ್ಕೊಂದು ಅರ್ಧ ಲೋಟ, ಬಲಕ್ಕೊಂದು ಅರ್ಧ ಲೋಟ. ಹ್ಯಾಂಗರ್ ಎಡಕ್ಕೆ ವಾಲಿತು. ನೋಡಿದಿರಾ, ಎಂದು ಯಾರೂ ಇಲ್ಲದ ಅಡುಗೆಮನೆಗೆ ಗಟ್ಟಿಯಾಗಿ ಹೇಳಿದ. ಎಷ್ಟೋ ದಿನದಿಂದ ಇಲ್ಲದ ಉಲ್ಲಾಸ ಮೈಗೆ ಬಂದಿತ್ತು. ಚಮಚದ ತುದಿಯಲ್ಲಿ ಹಿಟ್ಟನ್ನು ಚೂರು ಚೂರೇ ತೆಗೆದು ಬಲಕ್ಕೆ ಹಾಕುತ್ತ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಅವನು ಕೊಕ್ಕೆಯ ಮುಂದೆ ಬಗ್ಗಿದ. ಉಸಿರು ಬಿಟ್ಟಾಗ ಮೈದಾ ಹಾರಿ ಹುಬ್ಬಿಗೆ ಮೆತ್ತಿಕೊಂಡಿತು.

ಆ ದಿನವೂ ಹೀಗೆಯೇ ಬಗ್ಗಿದ್ದ. ಭಾವಮೈದುನನದು ಮೊಳೆ, ಸ್ಕ್ರೂ, ಬಾಗಿಲ ಕೀಲುಗಳ ಅಂಗಡಿ. ಮೊಳೆಗಳನ್ನು ಡಬ್ಬಿಯಿಂದ ಮೊಗೆದು ಕಿಲೋ ಲೆಕ್ಕದಲ್ಲಿ ಕೊಡುತ್ತಿದ್ದ. ಆ ಬೀದಿಯ ತಪಾಸಣೆಗೆ ಬೇರೆಯವರು ಹೋಗಬಹುದಿತ್ತು. ನೀವು ಹೋಗುವುದು ಬೇಡ, ಬೀಗರ ಅಂಗಡಿ ಇದೆ ಎಂದು ಮೇಲಧಿಕಾರಿಯೇ ಹೇಳಿದ್ದರು. ಅದಕ್ಕೇ ಅವನು ಹಟ ಹಿಡಿದು ಹೋದದ್ದು. ನೆಂಟಸ್ತಿಕೆ ಮನೆಯಲ್ಲಿ, ಮುಳ್ಳು ನೆಟ್ಟಗಿರಬೇಕು ಅಂಗಡಿಯಲ್ಲಿ ಎಂದು ಒಂದು ಮಾತನ್ನೂ ಉದುರಿಸಿದ್ದ, ಗುಮಾಸ್ತರ ಎದುರು. ಭಾವಮೈದುನ ಅವನನ್ನು ಕಂಡು ಮುಖವೆಲ್ಲ ಬಾಯಾಗಿ, ಕುರ್ಚಿ ಒರೆಸಿ, ಚಹಾ ತರುತ್ತೇನೆಂದು ತಾನೇ ಮೂಲೆಯ ಅಂಗಡಿಗೆ ಓಡಿದ. ಅವನು ಅತ್ತ ಹೋದಾಗ ಇವನು ಒಂದು ಕಿಲೋದ ಬಟ್ಟನ್ನು ತಟ್ಟೆಯ ಮೇಲಿಟ್ಟ. ಮುಳ್ಳು ಒಂಬೈನೂರ ಅರವತ್ತರಲ್ಲಿ ನಿಂತಿತು. ತೆಗೆದು ಮತ್ತೆ ಇಟ್ಟ. ಒಂಬೈನೂರ ಅರವತ್ತು. ಅಂದರೆ ಮುಳ್ಳು ಕಿಲೋ ತೋರಿಸಬೇಕಾದರೆ ತಟ್ಟೆಗೆ ಇನ್ನೂ ನಲವತ್ತು ಗ್ರಾಮಿನಷ್ಟು ಬೀಳಬೇಕು. ಕಿಲೋ ಎಂದು ಕೊಟ್ಟಾಗಲೆಲ್ಲ ಗಿರಾಕಿಗೆ ಅಷ್ಟು ಮೊಳೆ ಹೆಚ್ಚಾಗಿಯೇ ಹೋಗುತ್ತಿತ್ತು. ಮೋಸವಿದ್ದರೆ ಅದು ಅಂಗಡಿಯವನಿಗೇ ಆಗುತ್ತಿದ್ದ ಮೋಸ. ಆದರೆ ನಿಯಮ ಹೆಚ್ಚು ಕಡಿಮೆ ಎಂದು ನೋಡುವುದಿಲ್ಲ. ಸರಿಯಿಲ್ಲದ ತಕ್ಕಡಿ ಸರಿಯಿಲ್ಲದ ತಕ್ಕಡಿ. ನಮೂನೆಯಲ್ಲಿ ಎರಡೇ ಅಂಕಣ, ಸರಿ ಮತ್ತು ದೋಷಪೂರ್ಣ. ಕೆಳಗೆ ಷರಾ ಎಂದು ಒಂದು ಖಾಲಿ ಸಾಲು. ‘ಗಿರಾಕಿಗೆ ಹೆಚ್ಚು ತೂಗುತ್ತದೆ’ ಎಂದು ಅಲ್ಲಿ ಬರೆಯಲು ಪೆನ್ನು ಊರಿದ್ದ. ಊರಿ, ಭಾವಮೈದುನನಿಗೆ ಸಹಾಯ ಮಾಡಿದ ಹಾಗೆ ಕಂಡೀತು ಎನ್ನಿಸಿ, ‘ಇಲ್ಲ’ ಎಂದು ಬರೆದ. ಎರಡು ಲೋಟ ಚಹಾ ಹಿಡಿದುಕೊಂಡು ಅವನು ಒಳಗೆ ಬಂದಾಗ ಇವನು ತಕ್ಕಡಿಯನ್ನು ಬಳಸದಂತೆ ಅದಕ್ಕೆ ತಂತಿ ಬಿಗಿದು ಸೀಸದ ಮುದ್ರೆ ಒತ್ತುತ್ತಿದ್ದ. ಅವನು ಏನೂ ಕೇಳಲಿಲ್ಲ. ಚಹಾ ಲೋಟಗಳನ್ನು ಎಲ್ಲಿಡಬೇಕೆಂದು ಮಾತ್ರ ಸುತ್ತಮುತ್ತ ನೋಡಿದ. ಬಾಗಿಲಿಗೆ ಅಂಟಿಸಿದ ಚೀಟಿಯನ್ನು ಬೀದಿಯವರೆಲ್ಲ ನಿಂತು ಓದಿದರು. ಅದರಲ್ಲೂ ಅದೇ ಪದ, ದೋಷಪೂರ್ಣ.

ಮೂರನೆಯ ಅರ್ಧ ಲೋಟವನ್ನು ಮೊದಲನೆಯದರ ಜೊತೆ ತೂಗಿ, ಅಲ್ಲ, ಹೋಲಿಸಿ, ಅವನು ಎಲ್ಲವನ್ನೂ ದೊಡ್ಡ ಬೋಗುಣಿಗೆ ಸುರಿದ. ಸಕ್ಕರೆ, ಕೋಕೋ, ಒಂದು ಚಮಚ ಸೋಡಾ, ಚಿಟಿಕೆ ಉಪ್ಪು. ಚಿಟಿಕೆ ಎಂದರೆ ಯಾರ ಚಿಟಿಕೆ ಎಂದು ಯೋಚಿಸುವುದರಲ್ಲಿದ್ದವನು ತನ್ನ ಮೇಲೆ ತನಗೇ ನಗು ಬಂದು ಹಾಕಿಬಿಟ್ಟ. ತಪಾಸಣೆಯ ಮರುದಿನವೇ ಹೋಗಿ ಭಾವಮೈದುನನಿಗೆ ಹೇಳಬಹುದಿತ್ತು. ಮರುದಿನ ಹೋಗಿದ್ದರೆ ತಪ್ಪೊಪ್ಪಿಕೊಳ್ಳಲು ಬಂದ ಹಾಗೆ ಆಗುತ್ತಿತ್ತು, ಕಚೇರಿಯಲ್ಲಿ ಮೇಲಧಿಕಾರಿ ಎಲ್ಲರ ಎದುರು ಬೆನ್ನು ತಟ್ಟಿದ್ದರು. ವಾರ ಕಳೆದು ಹೇಳೋಣವೆಂದರೆ ವಾರದಿಂದ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಹುಟ್ಟಿತ್ತು. ತಿಂಗಳಾದ ಮೇಲೆ ಆ ಪ್ರಶ್ನೆ ಇನ್ನೂ ಬಲಿತಿತ್ತು. ಮೂರು ತಿಂಗಳಿಗೆ ಅಂಗಡಿ ಮುಚ್ಚಿತು. ಭಾವಮೈದುನ ಆ ತಕ್ಕಡಿಯನ್ನು ರಿಪೇರಿಗೂ ಕೊಡದೆ ಗುಜರಿಗೆ ಹಾಕಿದನೆಂದೂ, ಬೇರೆ ಕಡೆ ಬೀಗ ಮತ್ತು ಕೀಲಿಕೈಯ ಅಂಗಡಿ ಇಟ್ಟನೆಂದೂ ಹೆಂಡತಿಯಿಂದ ತಿಳಿಯಿತು. ಬೀಗಗಳನ್ನು ಎಣಿಸಿ ಮಾರಬಹುದು. ಬಿಸಿತುಪ್ಪದ ಹಾಗೆ ಹೇಳದ ಆ ಮಾತು ಹನ್ನೊಂದು ವರ್ಷ ಅವನ ಬಾಯಲ್ಲಿ ಉಳಿಯಿತು, ಉಗುಳಲಿಲ್ಲ, ನುಂಗಲಿಲ್ಲ. ಯಾರಾದರೂ ಊಟದ ಮಧ್ಯೆ ಮೊಳೆ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಈಗ ನೀರು, ಎಣ್ಣೆ, ಕೊನೆಗೆ ಒಂದು ಚಮಚ ವಿನೆಗರ್ ಹಾಕಿದಾಗ ಬೋಗುಣಿಯೊಳಗೆ ಸೊರ್ ಎಂದು ಸಣ್ಣ ಸದ್ದಾಗಿ, ಕಂದು ಹಿಟ್ಟು ಗುಳ್ಳೆ ಗುಳ್ಳೆಯಾಗಿ ಎದ್ದಿತು. ಅವನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದು, ಆಮೇಲೆ ಹತ್ತಿರ ಬಂದು ಕಿವಿಗೊಟ್ಟು ಕೇಳಿದ. ತನ್ನ ಕೈಯಲ್ಲಿ ಏನೋ ಜೀವ ತಳೆಯುತ್ತಿದೆ ಎಂದು ಅವನಿಗೆ ಸಂತೋಷವಾಯಿತು.

ಓವನ್ನಿಗೆ ಇಟ್ಟು ಬಾಗಿಲು ಹಾಕಿದ ಮೇಲೆ ಮೂವತ್ತೈದು ನಿಮಿಷ ಸುಮ್ಮನಿರಬೇಕೆಂದು ಚೀಟಿ ಹೇಳುತ್ತಿತ್ತು. ಸುಮ್ಮನಿರುವುದು ಅವನಿಗೆ ಗೊತ್ತಿಲ್ಲದ ವಿದ್ಯೆ. ತಪಾಸಣೆಯ ಮೊದಲ ಪಾಠವೇ, ಹೇಳದೆ ಕೇಳದೆ ಹೋಗಬೇಕು. ಹೇಳಿ ಹೋದರೆ ಎಲ್ಲರೂ ಸಾಚಾ. ಐದನೆಯ ನಿಮಿಷದಲ್ಲಿ ಅವನು ಪತ್ರಿಕೆ ಓದುವವನ ಹಾಗೆ ನಟಿಸಿ, ತಟ್ಟನೆ ಎದ್ದು ಬಾಗಿಲು ತೆರೆದ. ಕೇಕು ನಿರಪರಾಧಿಯಾಗಿ ಕುಳಿತಿತ್ತು. ಒಂಬತ್ತನೆಯ ನಿಮಿಷದಲ್ಲಿ ಇನ್ನೊಮ್ಮೆ. ಹನ್ನೆರಡಕ್ಕೆ ಕಡ್ಡಿ ಚುಚ್ಚಿ ನೋಡಿದ, ಹದಿನಾರಕ್ಕೆ ಡಬ್ಬಿಯನ್ನು ಅರ್ಧ ಸುತ್ತು ತಿರುಗಿಸಿದ, ಹತ್ತೊಂಬತ್ತಕ್ಕೆ ಮೇಲ್ಮೈ ಮಟ್ಟವಾಗಿದೆಯೇ ಎಂದು ಕಣ್ಣನ್ನು ಅಂಚಿನ ನೇರಕ್ಕೆ ತಂದು, ಕನ್ನಡಕದ ಮೇಲೆ ಹಬೆ ಕವಿದು, ಏನೂ ಕಾಣದೆ ಒಂದು ನಿಮಿಷ ಬಾಗಿಲು ತೆರೆದೇ ನಿಂತ. ಇಪ್ಪತ್ತಾರನೆಯ ನಿಮಿಷದ ತಪಾಸಣೆಯಲ್ಲಿ, ಅವನ ಕಣ್ಣೆದುರೇ, ಚೆನ್ನಾಗಿ ಉಬ್ಬಿದ್ದ ಕೇಕಿನ ನಡುಭಾಗ ಒಂದು ನಿಟ್ಟುಸಿರು ಬಿಟ್ಟು ಕೆಳಗಿಳಿಯಿತು. ಅವನು ಬಾಗಿಲು ಹಾಕಿ, ಬೇಕಂತಲೇ ಬೆನ್ನು ತಿರುಗಿಸಿ ನಿಂತ. ತಡವಾಗಿತ್ತು. ತೆಗೆದು ಕಟ್ಟೆಯ ಮೇಲಿಟ್ಟಾಗ ಅಂಚಿನಲ್ಲಿ ಗೋಡೆ, ನಡುವೆ ತಗ್ಗು, ನೀರು ಬಿಟ್ಟರೆ ಗುಬ್ಬಚ್ಚಿ ಸ್ನಾನ ಮಾಡಬಹುದು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡ. ಅಷ್ಟು ಸಲ ತೆರೆದು ನೋಡದಿದ್ದರೆ ಅದು ತಾನಾಗಿ ಸರಿ ಇರುತ್ತಿತ್ತು. ಈ ಅರಿವು ಕೇಕಿಗಷ್ಟೇ ಸೇರಿದ್ದೆಂದು ಅವನು ನಂಬಲು ನೋಡಿದ, ಆಗಲಿಲ್ಲ.

ಹೆಂಡತಿ ಒದ್ದೆ ಕೂದಲಿನಲ್ಲಿ, ಮೈಯೆಲ್ಲ ಕ್ಲೋರಿನ್ ವಾಸನೆಯೊಂದಿಗೆ ಬಂದಳು. ಅವನ ಹುಬ್ಬು ನೋಡಿದಳು, ಕೇಕು ನೋಡಿದಳು, ಕುರ್ಚಿ ಎಳೆದು ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಎಷ್ಟು ಸಲ ತೆರೆದಿರಿ ಎಂದು ಕೇಳಿದಳು. ಆರು ಎಂದ. ಲೆಕ್ಕ ಬೇರೆ ಇಟ್ಟಿದ್ದಾರೆ ಎಂದು ಇನ್ನೊಮ್ಮೆ ನಕ್ಕಳು. ಆಮೇಲೆ ಎದ್ದು, ಚಾಕೊಲೇಟ್ ಕರಗಿಸಿ ತಗ್ಗಿಗೆ ಹೊಯ್ದಳು. ತಗ್ಗು ಕೆರೆಯಾಯಿತು, ನೋಡಲು ಬೇಕೆಂದೇ ಮಾಡಿದ ಹಾಗೆ ಕಂಡಿತು. ತೂತಾದ ದೋಣಿಗೂ ಬಣ್ಣ ಹೊಡೆಯಬಲ್ಲ ಹೆಂಗಸು ಎಂದು ಅವನಿಗೆ ಅವಳ ಮೇಲೆ ಪ್ರೀತಿ ಉಕ್ಕಿತು. ಅವಳು ಒದ್ದೆ ಟವೆಲನ್ನು ಹರವಲು ಹ್ಯಾಂಗರ್ ಹುಡುಕಿ, ಬಾಗಿಲಿನ ಕೊಕ್ಕೆಯಲ್ಲಿದ್ದದ್ದನ್ನು ತೆಗೆದುಕೊಂಡಳು. ಎರಡು ತುದಿಯಲ್ಲೂ ಬಿಳಿಯ ಪುಡಿ, ದಾರ ಕಟ್ಟಿದ ಗುರುತು. ಅದನ್ನು ತಿರುಗಿಸಿ ಮುರುಗಿಸಿ ನೋಡಿ ಅವಳ ನಗು ನಿಂತಿತು. ಅವನು ಇದು ತೂಗಿದ್ದಲ್ಲ, ಹೋಲಿಸಿದ್ದು ಎನ್ನಲು ಬಾಯಿ ತೆರೆದ. “ಅವನು ಕೇಳಿದ್ರೆ ಏನು ಹೇಳ್ತೀರೋ ನಿಮಗೆ ಬಿಟ್ಟಿದ್ದು,” ಎಂದು ಹೇಳಿ ಅವಳು ತಲೆ ಒರೆಸಿಕೊಳ್ಳುತ್ತ ಒಳಗೆ ಹೋದಳು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಬಾಗಿಲ ಗಂಟೆ ಸದ್ದು ಮಾಡಿತು. ಭಾವಮೈದುನನ ಕೂದಲು ಕಿವಿಯ ಮೇಲೆ ಬೆಳ್ಳಗಾಗಿತ್ತು, ಬೆರಳ ತುದಿಗಳು ಹಿತ್ತಾಳೆ ಪುಡಿಯಿಂದ ಕಪ್ಪಾಗಿದ್ದವು. ಬಾಗಿಲಲ್ಲಿ ನಿಂತು ಅವನು ಮೊದಲು ನೋಡಿದ್ದು ಬೀಗವನ್ನು. ಹಳೇದಾಯಿತು, ಬದಲಾಯಿಸಬೇಕು ಎಂದ. ಅವನ ಹೆಂಡತಿ, ಮಾತು ನಿಂತರೆ ಗಡಿಯಾರವೂ ನಿಂತೀತೆಂದು ಹೆದರುವವಳ ಹಾಗೆ ಮಾತಾಡುವ ಹಸನ್ಮುಖಿ, ಕುಂಡದಲ್ಲಿ ಒಂದು ಗಿಡ ತಂದಿದ್ದಳು. ಅವಳಿಂದಾಗಿ ಮೊದಲ ಹತ್ತು ನಿಮಿಷ ಗಂಡಸರಿಬ್ಬರೂ ಬಚಾವಾದರು. ಗಿಡಕ್ಕೆ ಎಷ್ಟು ಬಿಸಿಲು, ಎಷ್ಟು ನೀರು, ಈ ಪರದೆ ಎಲ್ಲಿ ಹೊಲಿಸಿದ್ದು, ಎಲ್ಲವೂ ಬಂದು ಹೋಯಿತು. ಗುಲಗಂಜಿ ತಟ್ಟೆಗಳನ್ನು ಹಂಚಿ ಕೇಕು ಕತ್ತರಿಸಿದ. ನಾಲ್ಕು ತುಂಡೂ ಒಂದೇ ಸಮ ಬರಲೆಂದು ಚಾಕುವನ್ನು ಗಾಳಿಯಲ್ಲಿ ಎರಡು ಸಲ ಅಡ್ಡ, ಎರಡು ಸಲ ಉದ್ದ ಹಿಡಿದು ನೋಡಿದ. ಅದನ್ನು ಮೂವರೂ ನೋಡುತ್ತಿದ್ದರು. ಭಾವಮೈದುನ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದ. ಚೆನ್ನಾಗಿದೆ ಎಂದ, ನಿಜವಾಗಿ ಆಶ್ಚರ್ಯಪಟ್ಟವನ ದನಿಯಲ್ಲಿ. ಮತ್ತೊಂದು ತುತ್ತು ತಿಂದ. ಆಮೇಲೆ ನಗುತ್ತ, ತಲೆ ಎತ್ತದೆ ಕೇಳಿದ. “ತೂಗಲಿಲ್ಲ ತಾನೆ?”

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೆಂಡತಿ ಚಹಾ ಸೋಸುತ್ತ ಇತ್ತ ನೋಡದೆ ನಿಂತಿದ್ದಳು. ಅವಳ ಬೆನ್ನು ಕಿವಿಯಾಗಿತ್ತು. ಇಲ್ಲ ಎಂಬ ಅದೇ ಪದವನ್ನು ಅವನು ಒಮ್ಮೆ ಬರೆದಿದ್ದ. ಅವನು ನೀರು ಕುಡಿದ, ಕನ್ನಡಕ ತೆಗೆದು ಒರೆಸಿದ. “ತೂಗಿದೆ,” ಎಂದ. “ಹ್ಯಾಂಗರಿಗೆ ಚೀಲ ಕಟ್ಟಿ ತೂಗಿದೆ. ಮೈದಾ ಮಾತ್ರ.” ಭಾವಮೈದುನನ ಹೆಂಡತಿ ಕಿಸಕ್ಕನೆ ನಕ್ಕಳು. ಭಾವಮೈದುನನೂ ನಗಲು ಶುರುಮಾಡಿದ್ದ. ಆ ನಗು ಮುಗಿಯುವುದರೊಳಗೆ ಹೇಳದಿದ್ದರೆ ಇನ್ನೊಂದು ಹನ್ನೊಂದು ವರ್ಷ ಎಂದು ಅವನಿಗೆ ಅನ್ನಿಸಿತು. ಕೊಳದ ಅಂಚು ಬಿಡುವವನ ಹಾಗೆ ಎರಡೂ ಕೈಯನ್ನು ಮೇಜಿನಿಂದ ತೆಗೆದ. “ನಿನ್ನ ತಕ್ಕಡಿ ಕಮ್ಮಿ ತೂಗ್ತಿರಲಿಲ್ಲ. ಜಾಸ್ತಿ ಕೊಡ್ತಿತ್ತು. ಕಿಲೋಗೆ ನಲವತ್ತು ಗ್ರಾಂ ಜನಕ್ಕೆ ಜಾಸ್ತಿ ಹೋಗ್ತಿತ್ತು. ನಂಗೆ ಅವತ್ತೇ ಗೊತ್ತಿತ್ತು. ಬರೀಬಹುದಿತ್ತು, ಬರೀಲಿಲ್ಲ. ಆಮೇಲೆ ಹೇಳಬಹುದಿತ್ತು, ಹೇಳಲಿಲ್ಲ. ನಂದು ತಪ್ಪು.”

ಗಡಿಯಾರಕ್ಕೆ ಹೆದರುವ ಹೆಂಗಸೂ ಮಾತು ನಿಲ್ಲಿಸಿದಳು. ಬೈಗುಳಕ್ಕೆ ಅವನು ತಯಾರಾಗಿ ಕೂತಿದ್ದ; ತಟ್ಟೆ ಎಸೆದರೂ ಸರಿಯೇ ಎಂದು ಒಳಗೊಳಗೆ ಹಾರೈಸುತ್ತಿದ್ದ. ಭಾವಮೈದುನ ಫೋರ್ಕನ್ನು ತಟ್ಟೆಯ ಮೇಲೆ ಸದ್ದಾಗದ ಹಾಗೆ ಇಟ್ಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಏನನ್ನೋ ಮೊದಲಿನಿಂದ ಓದಲು ಹೊರಟವನ ಗಲಿಬಿಲಿ ಇತ್ತು. “ಜಾಸ್ತಿನಾ?” ಎಂದು ಕೇಳಿದ. ಗುಲಗಂಜಿ ತಲೆಯಾಡಿಸಿದ. “ನಾನು ಜನಕ್ಕೆ ಕಮ್ಮಿ ಕೊಟ್ಟೆ ಅಂತ ಅಂದ್ಕೊಂಡಿದ್ದೆ ಕಣ್ರೀ, ಇಷ್ಟು ವರ್ಷ. ಗೊತ್ತಿಲ್ಲದೆ ಎಷ್ಟು ಮನೆಗೆ ಮೋಸ ಮಾಡಿದ್ನೋ ಅಂತ. ಅಕ್ಕನ ಗಂಡನ ಕೈಲೇ ಸಿಕ್ಕಿಬಿದ್ದೆ ಅಂತ ನಿಮ್ಮ ಮುಖ ನೋಡೋಕೆ ಆಗ್ತಿರಲಿಲ್ಲ.” ಭಾವಮೈದುನನ ಸಿಟ್ಟು ಎಂದು ಗುಲಗಂಜಿ ಹನ್ನೊಂದು ವರ್ಷ ಹೊತ್ತು ತಿರುಗಿದ್ದು ಅವನ ನಾಚಿಕೆಯಾಗಿತ್ತು. ಗುಲಗಂಜಿಗೆ ಅತ್ತುಬಿಡಬೇಕೆನಿಸಿತು, ಐವತ್ತೈದು ವರ್ಷದ ಸರ್ಕಾರಿ ನೌಕರ ಕೇಕಿನ ಮುಂದೆ ಕೂತು ಅಳುವುದು ಹೇಗೆಂದು ತಿಳಿಯದೆ ಮತ್ತೆ ಕನ್ನಡಕ ಒರೆಸಿದ. ಹೆಂಡತಿ ಚಹಾದ ಪಾತ್ರೆ ಹಿಡಿದುಕೊಂಡೇ ತಿರುಗಿ ಅವನನ್ನು ನೋಡಿದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ನೋಟವನ್ನು ಅವನು ಕಂಡಿರಲಿಲ್ಲ, ಅದನ್ನು ಮುಂದೆ ಒಬ್ಬನೇ ಇರುವಾಗ ಎದುರಿಸಬೇಕಾಗುತ್ತದೆ ಎಂದು ಮಾತ್ರ ಗೊತ್ತಾಯಿತು. ಆಗ ಭಾವಮೈದುನ ಎದ್ದುನಿಂತ. “ನಡೀರಿ,” ಎಂದ. ಎಲ್ಲಿಗೆ ಎಂದು ಗುಲಗಂಜಿ ಕೇಳಿದ. “ಆ ಬೀದಿಗೆ. ಚೀಟಿ ಓದಿದವರೆಲ್ಲ ಅಲ್ಲೇ ಇದಾರೆ. ನಂಗೆ ಹೇಳಿದ್ದು ಅವರಿಗೂ ಹೇಳಿ.”

ಹನ್ನೆರಡು ನಿಮಿಷದ ದಾರಿ. ಭಾವಮೈದುನ ಮುಂದೆ, ಗುಲಗಂಜಿ ಒಂದು ಹೆಜ್ಜೆ ಹಿಂದೆ, ಮನೆಪಾಠ ಮಾಡದೆ ಹೆಡ್ಮಾಸ್ತರ ಕೋಣೆಗೆ ಹೋಗುವವನ ಹಾಗೆ. ಒಳಗೆ ಅವನು ವಾಕ್ಯಗಳನ್ನು ಜೋಡಿಸಿ ನೋಡುತ್ತಿದ್ದ; ಮಾನ್ಯರೇ ಎಂದು ಶುರುಮಾಡಬೇಕೋ, ನಿಮಗೆ ನೆನಪಿರಬಹುದು ಎಂದೋ. ಬೀದಿ ಭಾನುವಾರದ ಬಿಸಿಲಿನಲ್ಲಿ ಅರ್ಧ ಮುಚ್ಚಿಕೊಂಡಿತ್ತು. ಮೊಳೆಯ ಅಂಗಡಿಯಿದ್ದ ಜಾಗದಲ್ಲಿ ಈಗ ಕನ್ನಡಕದ ಅಂಗಡಿ, ಗಾಜಿನ ಹಿಂದೆ ಸಾಲು ಸಾಲು ಕಣ್ಣಿಲ್ಲದ ಕನ್ನಡಕಗಳು ಅವರನ್ನೇ ನೋಡುತ್ತಿದ್ದವು. ಎದುರಿಗಿನ ಬಡಗಿಯ ಶೆಡ್ಡು ಮಾತ್ರ ತೆರೆದಿತ್ತು. ಮುದುಕ ಬಡಗಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಮೊಣಕಾಲವರೆಗೆ ಮರದ ಹೊಟ್ಟು ಮೆತ್ತಿಕೊಂಡು ಒಂದು ಬಾಗಿಲನ್ನು ಉಜ್ಜುತ್ತಿದ್ದ. ಭಾವಮೈದುನನನ್ನು ಕಂಡು ಉಜ್ಜುವುದು ನಿಲ್ಲಿಸಿದ. ಎಷ್ಟು ವರ್ಷವಾಯಿತು ಎಂದ, ಹಲಗೆಯೊಂದನ್ನು ಒರೆಸಿ ಕೂಡಿಸಿದ. ಅವನ ಜೊತೆ ನಿಂತಿರುವವನೇ ಅವತ್ತು ತಕ್ಕಡಿಗೆ ಮುದ್ರೆ ಹಾಕಿದವನು ಎಂದು ಗುರುತು ಹಿಡಿದ ಮೇಲೆ ಬಡಗಿಯ ಕೈ ಸುಮ್ಮಸುಮ್ಮನೆ ಉಜ್ಜುಕಾಗದವನ್ನು ಮಡಚತೊಡಗಿತು.

ಗುಲಗಂಜಿ ಮಾನ್ಯರೇ ಎನ್ನಲಿಲ್ಲ. ಜೋಡಿಸಿಟ್ಟ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. ಹನ್ನೊಂದು ವರ್ಷದ ಹಿಂದೆ ತಾನು ಹಾಕಿದ ಮುದ್ರೆ ಸರಿ, ಅಂಟಿಸಿದ ಚೀಟಿ ತಪ್ಪು ಎಂದ. ಇವನು ಯಾರಿಗೂ ಮೋಸ ಮಾಡಿರಲಿಲ್ಲ, ಇವನ ತಕ್ಕಡಿ ಕೊಂಡವರಿಗೆಲ್ಲ ಹೆಚ್ಚು ಕೊಡುತ್ತಿತ್ತು, ಅದನ್ನು ತಾನು ಮುಚ್ಚಿಟ್ಟೆ ಎಂದ. ಹೇಳುತ್ತ ಹೇಳುತ್ತ ಅವನ ದನಿ ಏರಿತು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿ ಮುಂದೆ ಹೋದರು. ಅವಮಾನವಾಗಬೇಕಿತ್ತು, ಬದಲು ಎದೆ ಹಗುರಾಗುತ್ತಿತ್ತು, ಇದೇ ಮಾತನ್ನು ಇನ್ನೂ ಹತ್ತು ಅಂಗಡಿಯ ಮುಂದೆ ಹೇಳಲು ಅವನು ಸಿದ್ಧನಿದ್ದ. ಬಡಗಿ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದ. ಕೇಳಿ, ಅವನತ್ತ ನೋಡದೆ, ಹಲಗೆಯ ಮೇಲೆ ಕೂತ ಭಾವಮೈದುನನ ಕಡೆ ತಿರುಗಿದ.

“ಅದು ನಮಗೆ ಗೊತ್ತಿತ್ತಪ್ಪ,” ಎಂದ. “ಎರಡಿಂಚಿನ ಮೊಳೆ ಕಿಲೋಗೆ ಎಷ್ಟು ಬರತ್ತೆ ಅಂತ ಬಡಗಿಗೆ ಗೊತ್ತಿಲ್ಲದೆ ಇರತ್ತಾ? ನಿನ್ನ ಹತ್ರ ಕೊಂಡ್ರೆ ಹದಿನಾಲ್ಕು ಹದಿನೈದು ಮೊಳೆ ಜಾಸ್ತಿ ಇರ್ತಿದ್ವು. ನಂಗೆ ಗೊತ್ತು, ಕುರ್ಚಿ ಮಾಡೋನಿಗೆ ಗೊತ್ತು, ಚಾವಣಿ ಕೆಲಸದವರಿಗೆಲ್ಲ ಗೊತ್ತು. ಅದಕ್ಕೇ ಎಲ್ಲಾ ನಿನ್ನ ಹತ್ರಾನೇ ಬರ್ತಿದ್ದಿದ್ದು. ಮುದ್ರೆ ಬಿದ್ದ ದಿನ ನಮ್ಮನ್ನೇ ಹಿಡಿದು ಹಾಕಿದ ಹಾಗಾಯ್ತು. ಆಮೇಲೆ ನಿನ್ನ ಅಂಗಡಿ ಮೆಟ್ಲು ಹತ್ತೋಕೆ ಮುಖ ಇರಲಿಲ್ಲ.”

ಶೆಡ್ಡಿನೊಳಗೆ ಹೊಟ್ಟಿನ ಪುಡಿ ಬಿಸಿಲಿನಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ಮೂವರು ಗಂಡಸರು, ಮೂವರೂ ಒಂದೇ ತಕ್ಕಡಿಗೆ ನಾಚಿ ಹನ್ನೊಂದು ವರ್ಷ ಒಬ್ಬರಿಗೊಬ್ಬರು ಮುಖ ತಪ್ಪಿಸಿಕೊಂಡು ಓಡಾಡಿದ್ದರು. ಭಾವಮೈದುನ ಬಡಗಿಯನ್ನೇ ನೋಡುತ್ತಿದ್ದ. “ಒಂದು ಮಾತು ಹೇಳಬಹುದಿತ್ತಲ್ಲ,” ಎಂದ, ಬಹಳ ಮೆಲ್ಲಗೆ.

“ಹೇಳಿದ್ರೆ,” ಎಂದ ಬಡಗಿ, “ನೀನು ಸರಿ ಮಾಡಿಸಿಬಿಡ್ತಿದ್ದೆಯಲ್ಲ.”

ಮೊದಲು ನಕ್ಕದ್ದು ಭಾವಮೈದುನ. ಹೊಟ್ಟೆ ಹಿಡಿದುಕೊಂಡು, ಹಲಗೆಯ ಮೇಲೆ ಬಾಗಿ, ಉಸಿರು ಸಿಗದೆ, ಕಪ್ಪು ಬೆರಳುಗಳಿಂದ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ಮಸಿ ಮಾಡಿಕೊಂಡು ನಕ್ಕ. ಬಡಗಿ ಇದು ನಗುವೋ ಅಳುವೋ ಎಂದು ಕಾದು ನೋಡಿ, ಆಮೇಲೆ ತಾನೂ ಸೇರಿಕೊಂಡ. ಗುಲಗಂಜಿಗೆ ನಗಲು ತನಗೆ ಹಕ್ಕಿದೆಯೋ ಇಲ್ಲವೋ ತಿಳಿಯಲಿಲ್ಲ, ಅಷ್ಟರಲ್ಲಿ ನಗು ಬಂದುಬಿಟ್ಟಿತ್ತು. ಕೊನೆಗೆ ಭಾವಮೈದುನ, ಮನೆಯಲ್ಲಿ ಹೆಂಗಸರಿಬ್ಬರೂ ಕಾಯುತ್ತಿರುತ್ತಾರೆ ಎಂದು ಏಳಲು ನೋಡಿದ. ನಗು ಇನ್ನೂ ನಿಂತಿರಲಿಲ್ಲ. ಕೈ ಚಾಚಿ ಗುಲಗಂಜಿಯ ಹೆಗಲು ಹಿಡಿದು, ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ಎದ್ದ. ಗುಲಗಂಜಿ ಅಲುಗಾಡದೆ ನಿಂತುಕೊಂಡ.